ಎರಡು ವರ್ಷ ಒಬ್ಬನೇ ಅಭ್ಯಾಸ ಮಾಡಿದರೆ ಜಾಝ್ ಸ್ಯಾಕ್ಸೊಫೋನ್ ವಾದಕ ಆಗಬಹುದೇ?

ಹಾಸನದ ಕೆಲಸ ಬಿಟ್ಟು, ತೋಟದ ಮನೆಯಲ್ಲಿ ಎರಡು ವರ್ಷ ಒಬ್ಬರೇ ಆಲ್ಟೋ ಸ್ಯಾಕ್ಸ್ ಊದಿ, ಆಮೇಲೆ ಬೆಂಗಳೂರಿಗೆ ಹೋಗ್ತೀನಿ ಅಂತ ಬರೆದಿದ್ದೀರಿ. ನಾನು ಅದನ್ನೇ ಮಾಡಿದೆ. ಸಕಲೇಶಪುರದ ಹತ್ತಿರ ನಮ್ಮ ಮಾವನ ತೋಟ. ಕಾಫಿ ಕಣದ ಪಕ್ಕದ ಗೋದಾಮಿನಲ್ಲಿ ದಿನಕ್ಕೆ ಆರು ಗಂಟೆ ಊದುತ್ತಿದ್ದೆ. ಮಳೆಗಾಲದಲ್ಲಿ ತೂತು ಮುಚ್ಚುವ ಪ್ಯಾಡ್‌ಗಳು ತೇವ ಹಿಡಿದು ಕೀಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಬೆರಳು ಚೆನ್ನಾಗಿ ಓಡುತ್ತಿತ್ತು.

ಆಮೇಲೆ ಬೆಂಗಳೂರಿನಲ್ಲಿ ಒಂದು ಜ್ಯಾಮ್, ಅಂದರೆ ವಾದಕರು ಸೇರಿ ಹೊಳೆದಂತೆ ನುಡಿಸುವ ಕೂಟ. 'ಬಿ ಫ್ಲಾಟ್ ಬ್ಲೂಸ್' ಅಂದರು, ಅಂದರೆ ಪಿಯಾನೋದ ಬಿ ಫ್ಲಾಟ್ ಸ್ವರವನ್ನು ಆಧಾರವಾಗಿಟ್ಟು ನುಡಿಸುವ ಬ್ಲೂಸ್. ನಾನು ಬಿ ಫ್ಲಾಟ್ ಹಿಡಿದೇ ಊದಿದೆ. ಆಲ್ಟೋ ಇ ಫ್ಲಾಟ್ ವಾದ್ಯ ಅಲ್ವಾ? ನಾವು ಸಿ ಹಿಡಿದರೆ ಕೇಳಿಸುವುದು ಪಿಯಾನೋದ ಇ ಫ್ಲಾಟ್. ಅವರ ಬಿ ಫ್ಲಾಟ್‌ಗೆ ನಾನು ಜಿ ಹಿಡಿಯಬೇಕಿತ್ತು. ಪುಸ್ತಕದಲ್ಲಿ ಓದಿದ್ದೆ, ಆದರೆ ಒಬ್ಬನೇ ಊದುವವನಿಗೆ ಅದು ಒಮ್ಮೆಯೂ ಬೇಕಾಗಿರಲಿಲ್ಲ. ಮುಂದಿನ ಸುತ್ತಿಗೆ ಸ್ಕೇಲ್ ಸರಿ ಮಾಡಿಕೊಂಡೆ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ನಿಜವಾದ ತಪ್ಪು ಬೇರೆ. ಈ ಬ್ಲೂಸ್ 12 ಬಾರ್‌ಗಳ (ಬಾರ್ ಅಂದರೆ ಏಟುಗಳ ಒಂದು ಗುಂಪು) ಸುತ್ತು, ನಮ್ಮ ತಾಳದ ಆವರ್ತದ ಹಾಗೆ ತಿರುಗುತ್ತಲೇ ಇರುತ್ತದೆ. ತೋಟದಲ್ಲಿ ನಾನು ಉಸಿರು ಮುಗಿದಲ್ಲಿ ನಿಲ್ಲಿಸುತ್ತಿದ್ದೆ, ಬೇಕಾದಾಗ ಮತ್ತೆ ಹಿಡಿಯುತ್ತಿದ್ದೆ. ಅಲ್ಲಿ ಡ್ರಮ್ಸ್‌ನವರು ಹೊಸ ಸುತ್ತಿಗೆ ಬಂದಾಗ ನಾನಿನ್ನೂ ಹಳೆಯದರ ಹತ್ತನೇ ಬಾರ್‌ನಲ್ಲಿದ್ದೆ. ನನ್ನ ಕಿವಿ ನನ್ನ ಸದ್ದಿಗೆ ಮಾತ್ರ ಪಳಗಿತ್ತು. ಆ ಅಭ್ಯಾಸ ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಅಷ್ಟೂ ದಿನ ಯಾರೂ ನನ್ನನ್ನು ನುಡಿಸಲು ಕರೆಯಲಿಲ್ಲ.

ಜಾಝ್ ಸ್ಯಾಕ್ಸೊಫೋನ್ ದಿಗ್ಗಜ ಸನ್ನಿ ರಾಲಿನ್ಸ್ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಒಬ್ಬರೇ ಊದಿದರಲ್ಲ ಅಂತ ಕೇಳಿದ್ದೀರಿ. ಹೌದು. ಆದರೆ ಅಷ್ಟರಲ್ಲಿ ಅವರು ಮೈಲ್ಸ್ ಡೇವಿಸ್, ಥೆಲೋನಿಯಸ್ ಮಂಕ್, ಮ್ಯಾಕ್ಸ್ ರೋಚ್ ಅಂಥ ದೊಡ್ಡ ಜಾಝ್ ವಾದಕರ ಜೊತೆಯೆಲ್ಲ ನುಡಿಸಿ ಹೆಸರು ಮಾಡಿದ್ದರು. ನೀವು ಸೇತುವೆಯಿಂದಲೇ ಶುರು ಮಾಡಲು ಹೊರಟಿದ್ದೀರಿ.

ಹಾಸನವಾ, ಬೆಂಗಳೂರಾ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಕೆಲಸ ಬಿಡಬೇಡಿ. ಹಾಸನದಲ್ಲೇ ಒಂದು ಮದುವೆ ಬ್ಯಾಂಡ್ ಸೆಟ್ ಸೇರಿಕೊಳ್ಳಿ. ಅದನ್ನು ಕೀಳು ಅಂದುಕೊಳ್ಳಬೇಡಿ, ಕದ್ರಿ ಗೋಪಾಲನಾಥ್ ಅವರು ಈ ವಾದ್ಯಕ್ಕೆ ಮನಸೋತದ್ದೂ ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿಯೇ. ಜೊತೆಗೆ ಕೀಬೋರ್ಡ್ ನುಡಿಸುವವರೊಬ್ಬರನ್ನು ಹುಡುಕಿ, ಚರ್ಚ್‌ನಲ್ಲಿ ಸಿಗುತ್ತಾರೆ. ವಾರಕ್ಕೆ ಎರಡು ಸಲ, ಒಂದೇ ಬ್ಲೂಸ್ ಸಾಕು. ನಿಮ್ಮ ಸರದಿಯಲ್ಲಿ ಊದಿ. ಅವರ ಸರದಿಯಲ್ಲಿ ಬಾರ್ ಎಣಿಸುತ್ತಾ ಸುಮ್ನೆ ಕೇಳಿ. ಈ ಕೇಳುವ ಭಾಗವೇ ಜಾಸ್ತಿ ಕಷ್ಟ.

ಯಾರೂ ಸಿಗದಿದ್ದರೆ ನನಗೆ ಬರೆಯಿರಿ. ಪ್ರತಿ ಗುರುವಾರ ಸಂಜೆ ನಾವು ಮೂವರು ಹಾಸನದಲ್ಲೇ ಸೇರುತ್ತೇವೆ. ಡ್ರಮ್ಸ್ ಇದೆ, ಕೀಬೋರ್ಡ್ ಇದೆ.