ಮರುಭೂಮಿಯ ಊರಿಗೆ ಪೋಸ್ಟಿಂಗ್: ಯೋಧರ ಮನೆಯವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೈನಿಕರ ಮನೆಗಳಿಂದ ಬಂದವು. ಕೇಳಿದ್ದು ಬೇರೆ ಬೇರೆ, ಬೇರು ಮಾತ್ರ ಒಂದೇ. ಬಿಸಿಲಿಗೆ ಒಗ್ಗಿಸಲು ಯೂನಿಟ್‌ನಲ್ಲಿ ಸೈನಿಕನಿಗೊಂದು ವೇಳಾಪಟ್ಟಿ ಇರುತ್ತದೆ. ಇಷ್ಟು ಹೊತ್ತು ಕೆಲಸ, ಇಷ್ಟು ಹೊತ್ತು ನೆರಳು, ಇಷ್ಟು ನೀರು ಎಂದು ಹೇಳಲು ಮೇಲಿನವರಿರುತ್ತಾರೆ. ಅದೇ ಊರಿಗೆ, ಅದೇ ದಿನ ಬಂದಿಳಿದ ಹೆಂಡತಿ ಮಕ್ಕಳಿಗೆ ಹಾಗೆ ಹೇಳುವವರಿಲ್ಲ. ಅವರು ಮೊದಲ ದಿನವೇ ನಡುಮಧ್ಯಾಹ್ನ ಪೆಟ್ಟಿಗೆ ಹೊರುತ್ತಿರುತ್ತಾರೆ.

ನಡುಬೇಸಿಗೆಯಲ್ಲೇ ಹೊರಡಬೇಕಾಗಿದೆ. ಸಾಮಾನು ನಾಲ್ಕೈದು ದಿನ ಲಾರಿಯಲ್ಲಿ ಇರುತ್ತದೆ. ಯಾವುದನ್ನು ಲಾರಿಗೆ ಹಾಕಬಾರದು? ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ.

ಬಿಸಿಲಲ್ಲಿ ನಿಂತ ಮುಚ್ಚಿದ ಲಾರಿಯೊಳಗೆ ಶಾಖ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಹಾಗಾಗಿ ಮನೆಯ ಔಷಧಿ ಡಬ್ಬಿ ಪೂರ್ತಿ ನಿಮ್ಮ ಕೈಯಲ್ಲೇ ಇರಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವ ಸೀಸೆ ಅಥವಾ ಪೆನ್ನು ಹೆಚ್ಚಿನ ಬಗೆಗಳಲ್ಲಿ 30 ಡಿಗ್ರಿಯೊಳಗೆ ಸುಮಾರು 28 ದಿನ ಬಾಳುತ್ತದೆ. ಸರಿಯಾದ ಲೆಕ್ಕ ಅದರ ಜೊತೆ ಬರುವ ಕಾಗದದಲ್ಲಿದೆ, ಓದಿಕೊಳ್ಳಿ. ಐಸ್ ಡಬ್ಬಿಯಲ್ಲಿ ಒಯ್ಯುವವರು ಮಾಡುವ ತಪ್ಪೆಂದರೆ ಸೀಸೆಯನ್ನು ಐಸ್‌ಗೆ ಒತ್ತಿ ಇಡುವುದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ನಡುವೆ ಮಡಿಸಿದ ಟವೆಲ್ ಇರಲಿ. ಶಾಖಕ್ಕೆ ಕೆಟ್ಟ ಇನ್ಸುಲಿನ್ ಕಣ್ಣಿಗೆ ಮೊದಲಿನಂತೆಯೇ ಕಾಣಬಹುದು. ಊಟ, ಡೋಸು ಎರಡೂ ಬದಲಾಗದೆ ಸಕ್ಕರೆ ಏರುತ್ತಿದ್ದರೆ ಸೀಸೆಯ ಮೇಲೆ ಅನುಮಾನ ಪಡಿ. ಥೈರಾಯ್ಡ್ ಮಾತ್ರೆ, ಇನ್ಹೇಲರ್, ಸಕ್ಕರೆ ಪರೀಕ್ಷೆಯ ಪಟ್ಟಿಗಳೂ ಕೈಚೀಲಕ್ಕೇ ಸೇರಬೇಕು.

ಪವರ್ ಬ್ಯಾಂಕ್, ಸ್ಪ್ರೇ ಡಬ್ಬಿ, ಲೈಟರ್ ಲಾರಿಗೆ ಬೇಡವೇ ಬೇಡ. ಮೇಣದಬತ್ತಿ ಕರಗಿ ಪಕ್ಕದ ಬಟ್ಟೆಗೆ ಇಳಿಯುತ್ತದೆ, ಹಳೆಯ ಫೋಟೊ ಆಲ್ಬಮ್‌ಗಳ ಹಾಳೆ ಒಂದಕ್ಕೊಂದು ಅಂಟುತ್ತವೆ. ಮನೆಯಲ್ಲಿ ಪಿಟೀಲು, ಗಿಟಾರ್ ಇದ್ದರೆ ತಂತಿ ಸ್ವಲ್ಪ ಸಡಿಲಿಸಿ ಜೊತೆಯಲ್ಲೇ ಒಯ್ಯಿರಿ. ಅಂಟು ಬಿಡಿಸುವುದು ಶಾಖ, ಮರ ಸೀಳಿಸುವುದು ಒಣಹವೆ. ಕುರ್ಚಿ ಮೇಜುಗಳ ಕೀಲು ಸಡಿಲವಾಗುವುದೂ ಇದರಿಂದಲೇ. ಬಂದ ವಾರವೇ ರಿಪೇರಿಗೆ ಕೈ ಹಾಕಬೇಡಿ. ಮರ ಅಲ್ಲಿನ ಹವೆಗೆ ಕುಗ್ಗಿ ನಿಂತ ಮೇಲೆ ಅಂಟು ಹಾಕಿದರೆ ಉಳಿಯುತ್ತದೆ.

ಕ್ವಾರ್ಟರ್ಸ್ ಒಪ್ಪಿಸಿಕೊಳ್ಳುವಾಗ ಏನೇನು ನೋಡಬೇಕು? ಇವರು ಬಂದ ಮೂರನೇ ದಿನವೇ ಸೇನಾ ಅಭ್ಯಾಸಕ್ಕೆ ಹೋಗುತ್ತಾರೆ, ಎಲ್ಲ ನಾನೇ ನೋಡಿಕೊಳ್ಳಬೇಕು.

ಬೆಳಿಗ್ಗೆ ಎಂಟಕ್ಕೆ ಮನೆ ನೋಡಿದರೆ ಎಲ್ಲ ಮನೆಯೂ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ನೋಡಿ. ಪಡುವಣ ಗೋಡೆಗೆ ಒಳಗಿನಿಂದ ಕೈಯಿಟ್ಟು ನೋಡಿ. ಮುಟ್ಟಲಾಗದಷ್ಟು ಕಾದಿದ್ದರೆ ಆ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ, ಆ ಗೋಡೆ ರಾತ್ರಿ ಹತ್ತರವರೆಗೂ ಕಾವು ಬಿಡುತ್ತಿರುತ್ತದೆ. ಏಸಿಯನ್ನು 15 ನಿಮಿಷ ಓಡಿಸಿ, ಅದು ಎಳೆದುಕೊಳ್ಳುವ ಗಾಳಿ ಮತ್ತು ಬಿಡುವ ಗಾಳಿ ಎರಡರ ಉಷ್ಣತೆಯನ್ನೂ ಸಾದಾ ಥರ್ಮಾಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ 9ರಿಂದ 12 ಡಿಗ್ರಿ ಇರಬೇಕು. ಐದಾರು ಡಿಗ್ರಿಗೆ ನಿಂತರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಗ್ಯಾಸ್ ಕಡಿಮೆಯಾಗಿದೆ, ಅಥವಾ ಹೊರಗಿನ ಘಟಕದ ರೆಕ್ಕೆಗಳಿಗೆ ಧೂಳು ಮೆತ್ತಿದೆ. ಸಹಿ ಹಾಕುವ ಮುಂಚೆ ಬರೆಸಿ.

ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ ‘ಟಿ3’ ಎಂದಿದೆಯೇ ನೋಡಿ. ಸಾಮಾನ್ಯ ಟಿ1 ವರ್ಗದ ಯಂತ್ರವನ್ನು 35 ಡಿಗ್ರಿ ಹೊರಹವೆಗೆ ಪರೀಕ್ಷಿಸಿರುತ್ತಾರೆ, ಟಿ3 ವರ್ಗದ್ದನ್ನು 46ಕ್ಕೆ. ಹೊರಗೆ 47 ಇರುವಾಗ ಟಿ1 ಯಂತ್ರ ಬಿಸಿಯಾಗಿ ಆಗಾಗ ತಾನೇ ನಿಂತುಬಿಡುತ್ತದೆ. ‘ಹೊಸ ಏಸಿ, ಮಧ್ಯಾಹ್ನವೇ ಕೈಕೊಡುತ್ತದೆ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಕಿಟಕಿಗೆ ದಪ್ಪ ಪರದೆ ಸಾಕೆಂದುಕೊಳ್ಳಬೇಡಿ. ಬಿಸಿಲು ಗಾಜು ದಾಟಿ ಒಳಬಂದ ಮೇಲೆ ಪರದೆ ತಡೆಯುವುದು ಬೆಳಕನ್ನು, ಶಾಖ ಆಗಲೇ ಕೋಣೆಯೊಳಗಿರುತ್ತದೆ. ನೆರಳು ಗಾಜಿನ ಹೊರಗೆ ಬೇಕು. ತಟ್ಟಿ, ಚಾಪೆ, ನೆರಳು ಬಲೆ, ಯಾವುದಾದರೂ ಸರಿ.

ಒಂದು ಕಾಗದದ ಕೆಲಸವೂ ಇದೆ. ಯಜಮಾನರು ಹೊರಡುವ ಮುಂಚೆ ಬ್ಯಾಂಕು, ವಾಹನ, ಮನೆ ಇವುಗಳಿಗೆ ನಿಮ್ಮ ಹೆಸರಿಗೆ ಅಧಿಕಾರ ಪತ್ರ ಮಾಡಿಸಿಕೊಳ್ಳಿ. ನಿಮ್ಮ ಗುರುತಿನ ಚೀಟಿಯ ಅವಧಿ ಅವರು ವಾಪಸಾಗುವ ತನಕ ಇದೆಯೇ ನೋಡಿಕೊಳ್ಳಿ.

ಕೂಲರ್ ಸಾಕು, ಏಸಿ ದಂಡ ಅನ್ನುತ್ತಾರೆ ಪಕ್ಕದ ಮನೆಯವರು. ಹೌದೇ?

ಒಣ ತಿಂಗಳುಗಳಲ್ಲಿ ಅವರ ಮಾತು ಸರಿ. ಕೂಲರ್ ಗಾಳಿಯನ್ನು ತಂಪು ಮಾಡುವುದು ನೀರನ್ನು ಆವಿ ಮಾಡಿ. ಗಾಳಿ ಒಣಗಿದ್ದಷ್ಟೂ ಅದಕ್ಕೆ ಕಸುವು. ಹೊರಗೆ 42 ಡಿಗ್ರಿ, ತೇವಾಂಶ ಶೇ. 10 ಇದ್ದರೆ ಒಳ್ಳೆಯ ಪ್ಯಾಡ್ ಇರುವ ಕೂಲರ್ ಸುಮಾರು 25 ಡಿಗ್ರಿಯ ಗಾಳಿ ಕೊಡುತ್ತದೆ. ಮಳೆ ಮೋಡ ಬಂದು 38 ಡಿಗ್ರಿ, ತೇವಾಂಶ ಶೇ. 50 ಆದ ದಿನ ಅದೇ ಕೂಲರ್‌ನಿಂದ 31 ಡಿಗ್ರಿಯ ಗಾಳಿ ಬರುತ್ತದೆ, ಮೈಯೆಲ್ಲ ಜಿಗುಟು. ಆ ಕೆಲವು ವಾರಗಳಿಗಾದರೂ ಒಂದು ಕೋಣೆಗೆ ಏಸಿ ಬೇಕು.

ಕೂಲರ್ ಓಡುವಾಗ ಎದುರು ಬದಿಯ ಕಿಟಕಿ ಒಂದು ಗೇಣು ತೆರೆದಿರಬೇಕು, ಇಲ್ಲದಿದ್ದರೆ ಒದ್ದೆ ಗಾಳಿ ಅಲ್ಲೇ ಸುತ್ತಿ ಕೋಣೆ ಧಗೆಯಾಗುತ್ತದೆ. ಒಂದೇ ಕೋಣೆಯಲ್ಲಿ ಕೂಲರ್, ಏಸಿ ಎರಡನ್ನೂ ಹಾಕುವುದು ಶುದ್ಧ ದಂಡ: ಒಂದು ತುಂಬಿದ ತೇವವನ್ನು ಇನ್ನೊಂದು ಹಿಂಡುತ್ತಿರುತ್ತದೆ. ನೀರು ಆವಿಯಾದರೂ ಅದರ ಸುಣ್ಣ ಆವಿಯಾಗುವುದಿಲ್ಲ, ಪ್ಯಾಡಿಗೆ ಬಿಳಿ ಗಟ್ಟಿ ಪೊರೆಯಾಗಿ ಕಟ್ಟುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಉಜ್ಜಿ. ಸೊಳ್ಳೆಯ ಮೊಟ್ಟೆ ಮರಿಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು.

ಬರಿ ಫ್ಯಾನು ನಂಬಿದವರಿಗೊಂದು ಮಾತು. ಕೋಣೆಯ ಉಷ್ಣತೆ 40 ದಾಟಿದ ಮೇಲೆ ಫ್ಯಾನು ಮೈಗೆ ಬಿಸಿಗಾಳಿ ಊದುವ ಒಲೆಯ ಕೊಳವೆ ಇದ್ದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: 40ರ ಕೆಳಗಿದ್ದಾಗ ಮಾತ್ರ ಫ್ಯಾನು.

ತಣ್ಣೀರಿನ ನಲ್ಲಿಯಲ್ಲೇ ಕುದಿಯುವಂಥ ನೀರು ಬರುತ್ತದೆ. ಎರಡು ವರ್ಷದ ಮಗುವಿಗೆ ಸ್ನಾನ ಹೇಗೆ?

ತಾರಸಿಯ ಟ್ಯಾಂಕ್ ಕಾದಿದೆ. ಇದಕ್ಕೆ ಹಳಬರ ಉಪಾಯವೊಂದಿದೆ. ಬೇಸಿಗೆ ಹತ್ತಿದೊಡನೆ ಗೀಸರ್‌ನ ಸ್ವಿಚ್ ಆರಿಸಿಬಿಡುವುದು. ಗೀಸರ್ ಮನೆಯೊಳಗಿದೆ, ಅದರಲ್ಲಿ ನಿಂತ ನೀರು ನಿಧಾನವಾಗಿ ತಣ್ಣಗಾಗುತ್ತದೆ. ಆಗ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿಯದರಲ್ಲಿ ಬಿಸಿನೀರು. ಗೀಸರ್ 25 ಲೀಟರಿನದಾದರೆ ಅಷ್ಟೇ ಸಿಗುವುದು, ಮಗುವಿನ ಸ್ನಾನ ಮೊದಲು ಮುಗಿಸಿ. ಬೆರೆಸಿದ ನೀರಿಗೆ ಮೊಣಕೈ ಅದ್ದಿ ನೋಡಿಯೇ ಮಗುವನ್ನು ಕೂರಿಸಿ.

ಅಂಗಳದ ಪೈಪ್ ಇದಕ್ಕಿಂತ ಅಪಾಯ. ಬಿಸಿಲಲ್ಲಿ ಬಿದ್ದ ಪೈಪಿನೊಳಗೆ ನಿಂತ ನೀರಿಗೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಮಕ್ಕಳಿಗೆ ಕೊಡುವ ಮುಂಚೆ ಗಿಡದ ಕಡೆಯಲ್ಲ, ಬರಿ ನೆಲದ ಕಡೆ ಹಿಡಿದು ಬಿಸಿನೀರು ಹರಿದುಹೋಗಲು ಬಿಡಿ.

ಬಂದು ನಾಲ್ಕು ದಿನವಾಯಿತು. ಬೆವರೇ ಬರುತ್ತಿಲ್ಲ, ಆದರೂ ತಲೆನೋವು, ಸುಸ್ತು. ನೀರು ಎಷ್ಟು ಕುಡಿಯಬೇಕು? ಎಷ್ಟು ದಿನಕ್ಕೆ ಮೈ ಒಗ್ಗುತ್ತದೆ?

ಬೆವರು ಬರುತ್ತಿದೆ, ಕಾಣುತ್ತಿಲ್ಲ. ಒಣಗಾಳಿಗೆ ಅದು ಹುಟ್ಟಿದಲ್ಲೇ ಆರಿಹೋಗುತ್ತದೆ. ಸಂಜೆ ಬಟ್ಟೆಯ ಕಂಕುಳ ಬಳಿ, ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಇದೆಯೇ ನೋಡಿ.

ಮೈ ಒಗ್ಗಲು 7ರಿಂದ 14 ದಿನ. ಬಿಸಿಲಿನ ಕೆಲಸಕ್ಕೆ ಹೊಸಬರನ್ನು ಇಳಿಸುವಾಗ ಬಳಸುವ ಒಂದು ಲೆಕ್ಕವನ್ನು ಮನೆಗೂ ತರಬಹುದು: ಮೊದಲ ದಿನ ಮಾಮೂಲಿ ಕೆಲಸದ ಶೇ. 20 ಮಾತ್ರ, ಆಮೇಲೆ ದಿನಕ್ಕೆ ಶೇ. 20ರಷ್ಟು ಏರಿಕೆ. ಅಂದರೆ ಮೊದಲ ದಿನ ಹಾಸಿಗೆ, ಅಡುಗೆಮನೆಯ ಒಂದು ಪೆಟ್ಟಿಗೆ, ಔಷಧಿ, ಇಷ್ಟೇ ಬಿಚ್ಚಿ. ಉಳಿದ ಪೆಟ್ಟಿಗೆಗಳು ಎಲ್ಲೂ ಓಡಿಹೋಗುವುದಿಲ್ಲ. ಹಾಗೆಂದು ಇಡೀ ದಿನ ಏಸಿಯಲ್ಲೇ ಕೂತರೂ ಮೈ ಒಗ್ಗುವುದಿಲ್ಲ. ಬೆಳಿಗ್ಗೆ, ಸಂಜೆ ಸ್ವಲ್ಪ ಸ್ವಲ್ಪವೇ ಹೊರಗೆ ಓಡಾಡಿ. ಇನ್ನೊಂದು ಮರೆತುಹೋಗುವ ಸಂಗತಿ: ರಜೆಗೆಂದು ತಂಪು ಊರಿಗೆ ಹೋಗಿ ಮೂರು ನಾಲ್ಕು ವಾರ ಇದ್ದು ಬಂದರೆ ಗಳಿಸಿದ್ದು ಬಹುಪಾಲು ಹೋಗಿರುತ್ತದೆ. ಮತ್ತೆ ಮೊದಲಿನಿಂದ ಶುರು.

ನೀರಿಗೆ ಗಟ್ಟಿ ಅಳತೆ ಬೇಡ, ಮೂತ್ರದ ಬಣ್ಣ ನೋಡಿ. ತಿಳಿ ಹಳದಿಯಿದ್ದರೆ ಸರಿ, ಗಾಢವಾದರೆ ಸಾಲದು. ಹೆಚ್ಚು ಕುಡಿದರೂ ತೊಂದರೆಯಿದೆ. ಸೈನ್ಯಗಳಲ್ಲಿ ಕಠಿಣ ಕೆಲಸಕ್ಕೂ ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದೆಂದು ಮಿತಿ ಹಾಕುವುದು ರಕ್ತದ ಉಪ್ಪಿನಂಶ ತೆಳುವಾಗದಿರಲೆಂದು. ಬೆವರು ಹೆಚ್ಚು ಹೋದ ದಿನ ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು. ಅಂದಾಜಿಗೆ ಉಪ್ಪು ಸುರಿಯಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಲಿಥಿಯಂ ಅಥವಾ ಖಿನ್ನತೆಯ ಔಷಧಿ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ವೈದ್ಯರಲ್ಲಿ ಡೋಸಿನ ಬಗ್ಗೆ ಕೇಳಿ. ತಾವಾಗಿ ನಿಲ್ಲಿಸಬಾರದು.

ತಲೆನೋವು, ಸುಸ್ತು, ವಾಕರಿಕೆ ಇದ್ದು ಮಾತು ನೆಟ್ಟಗಿದ್ದರೆ ನೆರಳು, ನೀರು, ವಿಶ್ರಾಂತಿಗೆ ಇಳಿಯಬೇಕು. ಮಾತು ತಡವರಿಸಿದರೆ, ಗೊಂದಲ ಕಂಡರೆ, ಬಿದ್ದರೆ ಅದು ಬಿಸಿಲಾಘಾತ. ಒಳಮೈ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದಾರೆ, ಹಾಗಾಗಿ ಬಿಸಿಲಾಘಾತ ಅಲ್ಲ ಎಂದು ಕೂರಬೇಡಿ, ಬೆವರಿರುವಾಗಲೂ ಆಗುತ್ತದೆ. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವ ತನಕ ಕಾಯದೆ ತಣಿಸಲು ಶುರು ಮಾಡಿ. ತೊಟ್ಟಿಯಲ್ಲಿ ತಣ್ಣೀರಿದ್ದರೆ ತಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ಮುಳುಗಿಸಿ, ಇಲ್ಲವಾದರೆ ಮೈತುಂಬ ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿ, ಬಟ್ಟೆ ಬಿಸಿಯಾದಂತೆ ಬದಲಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಕಾರಿಗೆ ಏನು ಸಿದ್ಧತೆ ಬೇಕು? ನಾಯಿಯೂ ಇದೆ.

ಬ್ಯಾಟರಿಯನ್ನು ಕೊಲ್ಲುವುದು ಚಳಿಗಿಂತ ಶಾಖ. ಎರಡೂವರೆ ಮೂರು ವರ್ಷ ದಾಟಿದ್ದರೆ ಹೊರಡುವ ಮುಂಚೆಯೇ ಪರೀಕ್ಷೆ ಮಾಡಿಸಿ. ರೇಡಿಯೇಟರಿಗೆ ಬರಿ ನೀರು ಬೇಡ, ಕೂಲಂಟ್ ಮತ್ತು ಶುದ್ಧೀಕರಿಸಿದ ನೀರು ಅರ್ಧಕ್ಕರ್ಧ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳಿವೆ. 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ಮೀರಿದ ಟೈರು ಪಟ್ಟೆ ಎಷ್ಟೇ ದಪ್ಪಗಿದ್ದರೂ ಬಿಸಿ ರಸ್ತೆಗೆ ತಕ್ಕದ್ದಲ್ಲ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ನೋಡಿ. ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಸಡಿಲ. ಸಡಿಲ ಟೈರು ಬಾಗಿ ಬಾಗಿ ಕಾದು ಸಿಡಿಯುತ್ತದೆ.

ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷಕ್ಕೆ ಸುಮಾರು 11 ಡಿಗ್ರಿ ಏರುತ್ತದೆ. ಕಿಟಕಿ ಎರಡು ಬೆರಳು ಇಳಿಸಿದರೆ ಏನೂ ಉಪಯೋಗವಿಲ್ಲ. ಹೊಸ ಊರು, ಹೊಸ ದಾರಿ, ನಿದ್ದೆಗೆಟ್ಟ ವಾರ. ಹಿಂದೆ ಮಲಗಿದ ಮಗುವನ್ನು ಮರೆಯುವುದು ಇಂಥ ದಿನಗಳಲ್ಲೇ. ಎಡಗಾಲಿನ ಚಪ್ಪಲಿ ಇಲ್ಲವೇ ಮೊಬೈಲನ್ನು ಹಿಂದಿನ ಸೀಟಿನಲ್ಲಿಡುವ ಅಭ್ಯಾಸ ಮಾಡಿಕೊಳ್ಳಿ, ಇಳಿದ ಮೇಲೆ ಅದಿಲ್ಲದೆ ನಡೆಯಲಾಗದು. ಸೀಟ್ ಬೆಲ್ಟಿನ ಲೋಹದ ಕೊಕ್ಕೆಯ ಮೇಲೆ ಬಟ್ಟೆ ಮುಚ್ಚಿಡಿ.

ನಾಯಿಗೆ: ವಾಕಿಂಗ್‌ಗೆ ಹೊರಡುವ ಮುಂಚೆ ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಒತ್ತಿ. ನಿಮಗೆ ತಾಳದಿದ್ದರೆ ಅದಕ್ಕೂ ತಾಳದು. ಬೆಳಗಿನ ಜಾವವೇ ಸರಿ. ಸಂಜೆ ಏಳಕ್ಕೂ ರಸ್ತೆ ಕಾದೇ ಇರುತ್ತದೆ.

ಧೂಳಿನ ಬಿರುಗಾಳಿ ಕಾರಿನಲ್ಲಿದ್ದಾಗ ಬಂದರೆ?

ರಸ್ತೆಯಿಂದ ಸಾಧ್ಯವಾದಷ್ಟು ದೂರ ಇಳಿಸಿ ನಿಲ್ಲಿಸಿ. ಎಲ್ಲ ದೀಪ ಆರಿಸಿ, ಕೈಬ್ರೇಕ್ ಎಳೆದು ಕಾಲನ್ನು ಬ್ರೇಕಿನಿಂದ ತೆಗೆಯಿರಿ. ದೀಪ ಆರಿಸುವುದು ವಿಚಿತ್ರವೆನಿಸಬಹುದು. ಆದರೆ ಏನೂ ಕಾಣದೆ ಹಿಂದೆ ಬರುವ ಚಾಲಕ ನಿಮ್ಮ ಕೆಂಪು ದೀಪವನ್ನೇ ರಸ್ತೆಯೆಂದು ತಿಳಿದು ಬಂದು ಗುದ್ದುತ್ತಾನೆ. ಗಾಳಿಯ ಬೆನ್ನಿಗೆ ಮಳೆಯೂ ಬಂದರೆ ಒಣಹಳ್ಳ ದಾಟುವ ಸಾಹಸ ಬೇಡ. 30 ಸೆಂಟಿಮೀಟರ್ ಹರಿವ ನೀರು ಸಣ್ಣ ಕಾರನ್ನು ತೇಲಿಸುತ್ತದೆ.

ಚೇಳಿನ ಭಯ. ಮನೆಯಲ್ಲಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ನೇರಳಾತೀತ ಬೆಳಕಿನ ಟಾರ್ಚ್ ತನ್ನಿ. ಕತ್ತಲಲ್ಲಿ ಅದರ ಬೆಳಕು ಬಿದ್ದರೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ. ಮೊದಲ ವಾರ ರಾತ್ರಿ ಬಚ್ಚಲು, ಹಿತ್ತಿಲ ಗೋಡೆ, ಖಾಲಿ ರಟ್ಟಿನ ಪೆಟ್ಟಿಗೆಗಳ ಸಂದು ನೋಡಿ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿ, ಮಗುವಿನ ಮಂಚ ಗೋಡೆಯಿಂದ ಒಂದು ಗೇಣು ಈಚೆ ಇರಲಿ, ಹೊದಿಕೆ ನೆಲಕ್ಕೆ ತಾಗದಿರಲಿ. ಬೂಟು ಕೊಡವಿ ಹಾಕಿಕೊಳ್ಳುವುದನ್ನು ಯಜಮಾನರಿಗೆ ಯಾರೂ ಹೇಳಿಕೊಡಬೇಕಿಲ್ಲ, ಮಕ್ಕಳಿಗೆ ಅವರಿಂದಲೇ ಕಲಿಸಿ.

ಬಿಸಿ ಊರಿಗೆ ತಾನೇ, ಕಂಬಳಿ, ಸ್ವೆಟರ್ ಯಾರಿಗಾದರೂ ಕೊಟ್ಟುಬಿಡಲೇ?

ಕೊಡಬೇಡಿ. ಒಣಗಾಳಿ, ಮೋಡವಿಲ್ಲದ ಆಕಾಶ ಎರಡೂ ಹಗಲಿನ ಶಾಖವನ್ನು ರಾತ್ರಿ ಹಿಡಿದಿಡುವುದಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನ 25 ಇದ್ದ ಊರು ನಸುಕಿಗೆ 5ಕ್ಕೆ ಇಳಿದಿರುತ್ತದೆ. ಮಕ್ಕಳು ಶಾಲೆಯ ಬಸ್ಸಿಗೆ ನಿಲ್ಲುವುದೂ ಅದೇ ಹೊತ್ತಿಗೆ.