ಹಾಯಿಹಡಗಿನ ಮರದ ಮಾದರಿಗಳಲ್ಲಿ ಹಲಗೆಗಳು ಮುರಿಯದೆ ಹೇಗೆ ಬಾಗುತ್ತವೆ?

ಬಿಸಿನೀರು ಮತ್ತು ತಾಳ್ಮೆ, ಇಷ್ಟೇ ಗುಟ್ಟು.

ಒಂದೇ ಮರದ ತುಂಡಿನಲ್ಲಿ ಕೆತ್ತಿದ ಮಾದರಿಗಳೂ ಇವೆ. ಆದರೆ ಒಳ್ಳೆಯವನ್ನು ಹೆಚ್ಚಾಗಿ ನಿಜವಾದ ಹಡಗಿನಂತೆಯೇ ಕಟ್ಟುತ್ತಾರೆ. ಮೊದಲು ಬೆನ್ನೆಲುಬಿನಂಥ ಅಡಿಮರ, ಅದಕ್ಕೆ ಅಡ್ಡಡ್ಡ ಪಕ್ಕೆಲುಬು, ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಮರದ ಪಟ್ಟಿಗಳು. ಬಿಸಿನೀರಲ್ಲಿ ನೆನೆಸಿದರೆ ಮರದ ನಾರು ಮೆತ್ತಗಾಗುತ್ತದೆ. ಆಗ ಬಗ್ಗಿಸಿ, ಪಿನ್ನು ಚುಚ್ಚಿ ಒಣಗಲು ಬಿಟ್ಟರೆ ಬಾಗು ಹಾಗೇ ನಿಲ್ಲುತ್ತದೆ. ಅಂಟು ಹಚ್ಚುವುದು ಆಮೇಲೆ. ಒದ್ದೆಯಲ್ಲೇ ಅಂಟಿಸಿದರೆ ಮರ ಕುಗ್ಗಿ ಸಂದು ಬಿಡುತ್ತದೆ.

ಹಡಗಿನ ಹೊಟ್ಟೆಗಿಂತ ಮೂತಿಯ ಸುತ್ತಳತೆ ಕಡಿಮೆ, ಅಲ್ವಾ? ಹಾಗಾಗಿ ಪಟ್ಟಿಗಳ ತುದಿಯನ್ನು ಹೆರೆದು ಸಣ್ಣ ಮಾಡಬೇಕು. ಸುಮ್ನೆ ಬಗ್ಗಿಸಿದರೆ ಒಂದರ ಮೇಲೊಂದು ಏರಿಬಿಡುತ್ತವೆ. ಹೊಸಬರು ಎಡವುವುದು ಇಲ್ಲೇ.

ಆದರೂ ಜಾಸ್ತಿ ಸಮಯ ತಿನ್ನುವುದು ಹಗ್ಗದ ಕೆಲಸ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್ ಇದ್ದ ‘ವಿಕ್ಟರಿ’ ಹಡಗನ್ನು 1:72 ಅಳತೆಯಲ್ಲಿ ಮಾಡಿದರೆ, ಬೆರಳು ದಪ್ಪದ ಹಗ್ಗ ಹೊಲಿಗೆ ದಾರದಷ್ಟಾಗುತ್ತದೆ. ಬಟ್ಟೆಯನ್ನು ಅಷ್ಟು ತೆಳುವಾಗಿಸುವುದು ಆಗದ ಮಾತು. ಅದಕ್ಕೇ ಎಷ್ಟೋ ಮಾದರಿಗಳಲ್ಲಿ ಹಾಯಿಯೇ ಇರುವುದಿಲ್ಲ, ಬರೀ ಕಂಬ, ಹಗ್ಗ. ನನ್ನ ಕಣ್ಣಿಗೆ ಅದೇ ಚಂದ.