ಬಿಬಿಎಸ್ ಆರ್‌ಎಸ್ ಚಕ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿಬಿಎಸ್ ಕಂಪನಿಯ ಆರ್‌ಎಸ್ ಎಂಬ ಕಾರಿನ ಅಲಾಯ್ ಚಕ್ರ ಬಂದು ನಲವತ್ತು ವರ್ಷ ದಾಟಿತು. ಹಳೆಯ ಸೆಟ್‌ಗಾಗಿ ಜನ ಈಗಲೂ ಮುಗಿಬೀಳುತ್ತಾರೆ. ಬರೀ ಶೋಕಿಯೇ?

ಉತ್ತರ: ಶೋಕಿ ಇಲ್ಲವೆನ್ನಲಾಗದು. ಆದರೆ ಇವು ಇಷ್ಟು ಕಾಲ ಉಳಿದು ಬಂದಿರುವುದಕ್ಕೆ ಕಾರಣ ಬೇರೆ. ಹೈನ್ರಿಷ್ ಬೌಮ್‌ಗಾರ್ಟ್ನರ್ ಮತ್ತು ಕ್ಲೌಸ್ ಬ್ರಾಂಡ್ 1970ರಲ್ಲಿ ಜರ್ಮನಿಯ ಷಿಲ್ಟಾಖ್‌ನಲ್ಲಿ ಶುರುಮಾಡಿದ ಕಂಪನಿ ಬಿಬಿಎಸ್. ರೇಸಿನ ಮೂರು ತುಂಡಿನ ಚಕ್ರವನ್ನು 1983ರಲ್ಲಿ ಆರ್‌ಎಸ್ ಹೆಸರಿನಲ್ಲಿ ರಸ್ತೆ ಕಾರಿಗೆ ತಂದಿತು. ನಡುವಿನ ಜಾಲರಿ, ಹೊರ ಅಂಚು, ಒಳ ಬ್ಯಾರೆಲ್ (ಚಕ್ರದ ಒಳಬದಿಯ ಉರುಳೆಯಂಥ ಭಾಗ) ಮೂರೂ ಬೇರೆ ಬೇರೆ. ಸುತ್ತಲಿನ ಸಣ್ಣ ಬೋಲ್ಟ್‌ಗಳು ಅವನ್ನು ಹಿಡಿದಿಟ್ಟಿರುತ್ತವೆ. ಹೊಂಡಕ್ಕೆ ಬಿದ್ದು ಅಂಚು ಸೊಟ್ಟಗಾದರೆ ಅದೊಂದನ್ನೇ ಬದಲಿಸಿದರಾಯಿತು. ಒಂದೇ ಎರಕದ ಚಕ್ರಕ್ಕೆ ಆ ಅನುಕೂಲವಿಲ್ಲ.

ಪ್ರಶ್ನೆ: ಬಣ್ಣ ಹೊಡೆಸಿ ಮರುಜೋಡಿಸಿದ ಮೇಲೆ ಎರಡು ಚಕ್ರಗಳಲ್ಲಿ ಗಾಳಿ ನಿಲ್ಲುತ್ತಿಲ್ಲ. ಟೈರ್ ಹೊಸದು, ವಾಲ್ವ್ ಹೊಸದು. ಎಲ್ಲಿ ಎಡವಟ್ಟಾಗಿದೆ?

ಉತ್ತರ: ಟೈರಿಗೆ ಗಾಳಿ ತುಂಬಿ, ಅಂಚು ಮತ್ತು ಬ್ಯಾರೆಲ್ ಸೇರುವ ಗೆರೆಗೂ ಪ್ರತಿ ಬೋಲ್ಟಿನ ಬುಡಕ್ಕೂ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಹುಪಾಲು ಅಲ್ಲೇ ಏಳುತ್ತದೆ. ಈ ಚಕ್ರದಲ್ಲಿ ಗಾಳಿ ತಡೆಯುವುದು ಬೋಲ್ಟ್ ಅಲ್ಲ, ಒಳಗಿನ ಕೂಡುಗೆರೆಗೆ ಬಳಿದ ಸಿಲಿಕೋನ್ ಸೀಲಂಟ್. ಹಳೆಯ ಸೀಲಂಟ್‌ನ ಸಣ್ಣ ಪದರ ಉಳಿದಿದ್ದರೂ ಹೊಸದು ಅದರ ಮೇಲೆ ಹಿಡಿಯುವುದಿಲ್ಲ.

ಮರುಜೋಡಣೆ ಮಾಡುವಾಗ ಹಳೆಯ ಸೀಲಂಟ್ ಅನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದಲೇ ತೆಗೆಯಿರಿ. ಉಕ್ಕಿನ ಉಳಿ ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಗೀರು ಬಿಟ್ಟರೆ ಅದೇ ಮುಂದೆ ಸೋರುವ ದಾರಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ. ಬೋಲ್ಟ್‌ಗಳನ್ನು ಕೈಯಲ್ಲಿ ಕೂರಿಸಿ, ಎದುರುಬದುರು ಕ್ರಮದಲ್ಲಿ ಮೂರು ಹಂತಗಳಲ್ಲಿ ಟಾರ್ಕ್ ವ್ರೆಂಚ್‌ನಿಂದ (ಬಿಗಿತ ಅಳೆದು ತಿರುಗಿಸುವ ಪಾನಾ) ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬುದು ಬೋಲ್ಟ್ ತಯಾರಕರ ಅಂಕಿಯಂತೆ. ಬಿಗಿದ ನಂತರವೇ ಸೀಲಂಟ್ ಬಳಿದು, ಒದ್ದೆ ಬೆರಳಿನಿಂದ ಒತ್ತಿ ಸವರಿ, 24 ಗಂಟೆ ಬಿಡಿ. ಅವಸರದಲ್ಲಿ ಟೈರ್ ಏರಿಸಿದರೆ ಬೀಡ್ (ಚಕ್ರಕ್ಕೆ ಕಚ್ಚಿ ಕೂರುವ ಟೈರಿನ ಅಂಚು) ಹಸಿ ಸೀಲಂಟ್ ಅನ್ನು ಕಿತ್ತುಕೊಂಡು ಬರುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ ಬಣ್ಣ. ಮೂರು ತುಂಡುಗಳು ಒಂದನ್ನೊಂದು ಒತ್ತುವ ಮುಖಗಳಿಗೂ ಬೋಲ್ಟ್ ತಲೆ ಕೂರುವ ಜಾಗಕ್ಕೂ ಪೌಡರ್ ಕೋಟಿಂಗ್ (ಪುಡಿ ಸಿಂಪಡಿಸಿ ಕಾಯಿಸಿ ಹಿಡಿಸುವ ದಪ್ಪ ಬಣ್ಣ) ಬಿದ್ದಿದೆಯೇ ಪರೀಕ್ಷಿಸಿ. ಒತ್ತಡಕ್ಕೆ ಆ ಪದರ ಕ್ರಮೇಣ ಅಪ್ಪಚ್ಚಿಯಾಗುತ್ತದೆ, ಬೋಲ್ಟಿನ ಬಿಗಿ ಇಳಿಯುತ್ತದೆ. ಆಮೇಲೆ ಬರೀ ಗಾಳಿ ಸೋರುವುದಲ್ಲ, ಬೋಲ್ಟೇ ತುಂಡಾಗಬಹುದು. ಆ ಮುಖಗಳನ್ನು ಟೇಪ್ ಹಚ್ಚಿ ಮುಚ್ಚಿಯೇ ಬಣ್ಣಕ್ಕೆ ಕೊಡಬೇಕಿತ್ತು. ಹಳೆಯ ಬೋಲ್ಟ್‌ಗಳನ್ನು ಮತ್ತೆ ಹಾಕಿದ್ದರೆ ಅವನ್ನೂ ಬದಲಿಸಿ; ಅಲ್ಲಿ ಉಳಿತಾಯ ಬೇಡ.

ಪ್ರಶ್ನೆ: 8 ಇಂಚು ಅಗಲ, ಇಟಿ 20ರ (ಅಂದರೆ ಕಾರಿನ ಹಬ್‌ಗೆ ಕೂರುವ ಮುಖ ಚಕ್ರದ ನಡುಗೆರೆಯಿಂದ 20 ಮಿಮೀ ಹೊರಕ್ಕಿರುವ) ಚಕ್ರಕ್ಕೆ ಒಂದು ಇಂಚು ಹೆಚ್ಚು ಆಳದ ಹೊರ ಅಂಚು ಹಾಕಿದರೆ ಫೆಂಡರ್‌ಗೆ (ಚಕ್ರದ ಮೇಲಿನ ಮಡ್‌ಗಾರ್ಡ್) ತಾಗುತ್ತದೆಯೇ?

ಉತ್ತರ: ಅಗಲ 9 ಇಂಚಾಗುತ್ತದೆ, ಚಕ್ರದ ನಡುಗೆರೆ 12.7 ಮಿಮೀ ಹೊರಕ್ಕೆ ಸರಿಯುತ್ತದೆ. ಅಂದರೆ ಇಟಿ 7.3. ಒಳಗಡೆ ಏನೂ ಬದಲಾಗದು, ಹೊರ ಅಂಚು ಮಾತ್ರ ಪೂರ್ತಿ 25.4 ಮಿಮೀ ಮುಂದೆ ಬರುತ್ತದೆ. ಈಗ ಟೈರಿಗೂ ಫೆಂಡರಿಗೂ ನಡುವೆ ಅದಕ್ಕಿಂತ ಕಡಿಮೆ ಜಾಗವಿದ್ದರೆ ತಾಗುವ ಸಂಭವವೇ ಹೆಚ್ಚು. ಸಸ್ಪೆನ್ಷನ್ ಕುಗ್ಗಿದಾಗ, ಸ್ಟಿಯರಿಂಗ್ ಪೂರ್ತಿ ತಿರುಗಿದಾಗಲೂ ಅಳೆದು ನೋಡಿ.

ಪ್ರಶ್ನೆ: ಅಗ್ಗಕ್ಕೆ ಸಿಕ್ಕ ಸೆಟ್ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಉತ್ತರ: ಮುಖ ನೋಡಬೇಡಿ, ಚಕ್ರ ಮಗುಚಿ ಹಾಕಿ. ನಕಲಿಗಳಲ್ಲಿ ಹೆಚ್ಚಿನವು ಒಂದೇ ಎರಕ. ಮುಂದೆ ಕಾಣುವ ಬೋಲ್ಟ್‌ಗಳು ಅಂಟಿಸಿದ ಅಲಂಕಾರ. ಅಸಲಿಯ ಹಿಂಭಾಗದಲ್ಲಿ ತುಂಡುಗಳ ಕೂಡುಗೆರೆ ಮತ್ತು ಬೋಲ್ಟ್‌ಗಳ ಇನ್ನೊಂದು ತುದಿ ಕಾಣಲೇಬೇಕು.